ಆಪತ್ತಿಗೆ ಆಗುವ ಪುಸ್ತಕ, ಆಗದ ಪುಸ್ತಕ

ವಿಪತ್ತು ಎದುರಿಸುವುದನ್ನು ಕಲಿಸುತ್ತೇವೆ ಎನ್ನುವ ಪುಸ್ತಕ ಕೈಗೆ ಸಿಕ್ಕರೆ ಮುನ್ನುಡಿ, ಬೆನ್ನುಡಿ ಬಿಟ್ಟುಬಿಡಿ. ನಡುವಿನ ಯಾವುದೋ ಪುಟ ತೆಗೆದು ಮೂರು ಸಂಗತಿ ಹುಡುಕಿ: ಎಷ್ಟು ಬೇಕು, ಎಷ್ಟು ಹೊತ್ತಿನೊಳಗೆ ಮಾಡಬೇಕು, ತಪ್ಪಿದರೆ ಏನಾಗುತ್ತದೆ. “ಸಾಕಷ್ಟು ನೀರು ಕೂಡಿಡಿ, ಧೈರ್ಯಗೆಡಬೇಡಿ” ಎಂದಷ್ಟೇ ಬರೆದದ್ದಿದ್ದರೆ ಆ ದುಡ್ಡಿಗೆ ಟಾರ್ಚಿನ ಸೆಲ್ಲು ಕೊಳ್ಳುವುದು ಲೇಸು.

ಈ ಬಗೆಯ ಪುಸ್ತಕಗಳಲ್ಲಿ ಹೆಚ್ಚಿನವು ಅಮೆರಿಕದವು. ಅವು ಊಹಿಸಿಕೊಳ್ಳುವ ಮನೆಗೆ ನೆಲಮಾಳಿಗೆ ಇರುತ್ತದೆ, ಬಾತ್‌ಟಬ್ ಇರುತ್ತದೆ, ಗ್ಯಾರೇಜಿನಲ್ಲಿ ಆಳೆತ್ತರದ ಫ್ರೀಜರ್ ಇರುತ್ತದೆ, ಕಪಾಟಿನಲ್ಲಿ ಬಂದೂಕು ಇರುತ್ತದೆ. ಧಾರವಾಡ, ಗದಗ, ಹಾವೇರಿಯ ನಮ್ಮ ಕಡೆಯ ಮನೆಗೆ ಬರುವ ಆಪತ್ತುಗಳೇ ಬೇರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಕೊಣ್ಣೂರು, ಲಖಮಾಪುರ, ಹೊಳೆಆಲೂರಿನ ಮನೆಗಳಿಗೆ ನುಗ್ಗಿತು, ಹಾವೇರಿ ಕಡೆ ವರದಾ ಉಕ್ಕಿತು. ಅದೇ ವರ್ಷ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿಯಿತು. ಎರಡು ವರ್ಷ ಮಳೆ ಚೆನ್ನಾದರೆ ಮೂರನೆಯ ವರ್ಷ ಬರ. ಜತೆಗೆ ಹೊಲದಲ್ಲಿ ಸಿಡಿಲು, ಹಾವು. ಮಳೆಗಾಲದಲ್ಲಿ ನೆನೆದು ಬೀಳುವ ಮಣ್ಣಿನ ಗೋಡೆ. ಇವಕ್ಕೆ ಯಾವ ಪುಸ್ತಕ ಒದಗುತ್ತದೆ ಎಂಬ ಲೆಕ್ಕದಲ್ಲೇ ಇಲ್ಲಿಯ ತೂಕವೆಲ್ಲ.

ಒಂದೇ ಪುಸ್ತಕ ಕೊಳ್ಳುವವರಿದ್ದರೆ ಡೇವಿಡ್ ವರ್ನರ್ ಬರೆದ ‘ವೇರ್ ದೇರ್ ಈಸ್ ನೋ ಡಾಕ್ಟರ್’ ಕೊಳ್ಳಿ. ಮೆಕ್ಸಿಕೋದ ಗುಡ್ಡಗಾಡಿನ ಹಳ್ಳಿಗಳಿಗೆಂದು ಮೊದಲು ಸ್ಪ್ಯಾನಿಷ್‌ನಲ್ಲಿ ಬಂದದ್ದು. 1977ರಲ್ಲಿ ಇಂಗ್ಲಿಷ್‌ಗೆ ಬಂತು. ವಾಲಂಟರಿ ಹೆಲ್ತ್ ಅಸೋಸಿಯೇಷನ್ ಆಫ್ ಇಂಡಿಯಾ ನಮ್ಮ ದೇಶಕ್ಕೆ ಹೊಂದುವಂತೆ ತಿದ್ದಿದ ಆವೃತ್ತಿಯನ್ನೂ ತಂದಿದೆ. ಮೂಲ ಪ್ರಕಾಶಕರಾದ ಹೆಸ್ಪೆರಿಯನ್ ಸಂಸ್ಥೆಯ ಜಾಲತಾಣದಲ್ಲಿ ಇಂಗ್ಲಿಷ್ ಪಿಡಿಎಫ್ ಪುಕ್ಕಟೆ. ಪುಟಪುಟಕ್ಕೂ ಚಿತ್ರ ಇರುವುದರಿಂದ ಇಂಗ್ಲಿಷ್ ಬಾರದವರಿಗೂ ಅರ್ಧ ವಿಷಯ ಚಿತ್ರ ನೋಡಿಯೇ ತಿಳಿಯುತ್ತದೆ.

ಇದರ ಬರವಣಿಗೆ ಎಷ್ಟು ಗಟ್ಟಿ ಎಂಬುದಕ್ಕೆ ವಾಂತಿಭೇದಿಯ ಪುಟ ನೋಡಿದರೆ ಸಾಕು. ನೆರೆ ಇಳಿದ ಮೇಲೆ ಜನರನ್ನು ಹಣ್ಣು ಮಾಡುವುದು ಅದೇ ತಾನೇ. ಒಂದು ಲೀಟರ್ ಶುದ್ಧ ನೀರಿಗೆ ಅರ್ಧ ಚಹಾ ಚಮಚೆ ಉಪ್ಪು ಹಾಕಿ ಕಲಕಿ, ಸಕ್ಕರೆ ಹಾಕುವ ಮುಂಚೆ ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಎನ್ನುತ್ತದೆ. ತಕ್ಕಡಿ, ಅಳತೆಗೋಲು ಯಾವುದೂ ಇಲ್ಲದ ಮನೆಯಲ್ಲಿ ನಾಲಗೆಯನ್ನೇ ಅಳತೆ ಮಾಡಿಕೊಟ್ಟಿದ್ದಾರೆ. ಹಳೆಯ ಮುದ್ರಣಗಳಲ್ಲಿ ಸಕ್ಕರೆ 8 ಚಮಚೆ ಎಂದಿದೆ. ಈಗ ಎಲ್ಲೆಡೆ ಹೇಳುವುದು 6 ಚಮಚೆ, ಅದೂ ಗೀರಿ ಸಮ ಮಾಡಿದ್ದು. ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯ, ಸಕ್ಕರೆ ಹೆಚ್ಚಾದರೆ ಭೇದಿ ಇನ್ನಷ್ಟು ಜೋರಾಗುತ್ತದೆ. ಔಷಧ ಅಂಗಡಿಯ ಓಆರ್‌ಎಸ್ ಪೊಟ್ಟಣದಲ್ಲಿ ಆಗುವ ತಪ್ಪು ಇನ್ನೊಂದು. ಸುಮಾರು 21 ಗ್ರಾಂ ತೂಗುವ ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. 4 ಗ್ರಾಂ ಚಿಲ್ಲರೆಯದ್ದು 200 ಮಿ.ಲೀ. ಲೋಟಕ್ಕೆ. ದೊಡ್ಡದನ್ನು ಒಂದೇ ಲೋಟಕ್ಕೆ ಸುರಿದು ಕುಡಿಸಿಬಿಡುತ್ತಾರೆ. ಪೊಟ್ಟಣದ ಮೇಲಿನ ಅಂಕಿ ಓದಿಯೇ ಕಲಸಬೇಕು, ಕಲಸಿದ್ದನ್ನು 24 ಗಂಟೆ ದಾಟಿದ ಮೇಲೆ ಇಡಬಾರದು.

ಕೊರತೆಗಳೂ ಇವೆ. ಹಸಿರು ಪುಟಗಳಲ್ಲಿ ಕೊಟ್ಟ ಔಷಧಗಳ ಪಟ್ಟಿ ಇದರ ಹೆಮ್ಮೆ, ಅದೇ ಇದರ ಅಪಾಯವೂ ಹೌದು. ಹಳೆಯ ಮುದ್ರಣ ನೋಡಿ ಆಂಟಿಬಯಾಟಿಕ್ ನುಂಗುವುದು ಬೇಡ. ಹಾವು ಕಡಿತದ ವಿಷಯಕ್ಕಂತೂ ಈ ಪುಸ್ತಕವೇ ಇರಲಿ, ಇನ್ನೊಂದಿರಲಿ, ಹಳೆಯ ಮುದ್ರಣವನ್ನು ನಂಬಲೇಬೇಡಿ. ಕೊಯ್ಯುವುದು, ಬಾಯಿ ಹಚ್ಚಿ ಹೀರುವುದು, ಹಗ್ಗದಿಂದ ಬಿಗಿದು ಕಟ್ಟುವುದು ಮೂರನ್ನೂ ವೈದ್ಯರು ಬೇಡ ಎನ್ನುತ್ತಾರೆ. ಕಾಲುಂಗುರ, ಉಂಗುರ, ಕಡಗ ತೆಗೆಯಿರಿ. ಮುರಿದ ಎಲುಬಿಗೆ ಕಟ್ಟುವಂತೆ ಕಾಲನ್ನು ಕೋಲಿಗೆ ಕಟ್ಟಿ ಅಲುಗಾಡದಂತೆ ಮಾಡಿ. ನಡೆಸದೆ ಹೊತ್ತುಕೊಂಡು ಜಿಲ್ಲಾಸ್ಪತ್ರೆ ಸೇರಿಸಿ. ಕಡಿದ ಹೊತ್ತು ಬರೆದಿಡಿ. ನಮ್ಮಲ್ಲಿ ಕೊಡುವ ವಿಷಹಾರಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಹೀಗಿರುವಾಗ ಹಾವು ಹುಡುಕಿ ಕೊಂದು ತರುವ ಉಸಾಬರಿ ಯಾಕೆ? ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿದರೆ ನೋವೇ ಇರದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ಜೋಲುವ ರೆಪ್ಪೆ ಕಂಡರೆ ಅದೇ ಗುರುತು. ಹಾವುಗಳನ್ನು ಗುರುತಿಸುವುದಕ್ಕೆ ರೊಮ್ಯುಲಸ್ ವಿಟೇಕರ್ ಮತ್ತು ಅಶೋಕ್ ಕ್ಯಾಪ್ಟನ್ ಅವರ ‘ಸ್ನೇಕ್ಸ್ ಆಫ್ ಇಂಡಿಯಾ’ (2004) ಇದೆ. ಫೋಟೋಗಳು ಸೊಗಸಾಗಿವೆ, ಹೊಲದ ಮನೆಗೆ ಒಪ್ಪುವ ಪುಸ್ತಕ.

ಎರಡನೆಯದಾಗಿ ‘ಸ್ಫಿಯರ್ ಹ್ಯಾಂಡ್‌ಬುಕ್’. ಜಗತ್ತಿನಾದ್ಯಂತ ಪರಿಹಾರ ಶಿಬಿರ ನಡೆಸುವವರು ಬಳಸುವ ಕೈಪಿಡಿ ಇದು. 2018ರ ಆವೃತ್ತಿ ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಕಥೆ, ಉಪದೇಶ ಏನೂ ಇಲ್ಲ. ಸರ್ಕಾರಿ ಸುತ್ತೋಲೆಯಷ್ಟೇ ಒಣ. ಆದರೂ ಗಂಜಿ ಕೇಂದ್ರ ನಡೆಸುವ ಮಠ, ಶಾಲೆ, ಯುವಕ ಮಂಡಳಗಳ ಮೇಜಿನ ಮೇಲೆ ಇರಲೇಬೇಕು. ತಲೆಗೆ ದಿನಕ್ಕೆ 15 ಲೀಟರ್ ನೀರು, 2,100 ಕಿಲೋಕ್ಯಾಲರಿ ಆಹಾರ, ಮಲಗಲು 3.5 ಚದರ ಮೀಟರ್ ಜಾಗ, 20 ಮಂದಿಗೆ ಒಂದು ಶೌಚಾಲಯ, 250 ಮಂದಿಗೆ ಒಂದು ನಳ. ಶೌಚದ ಗುಂಡಿ ಬಾವಿ–ಬೋರಿನಿಂದ 30 ಮೀಟರ್ ದೂರ, ಗುಂಡಿಯ ತಳ ಅಂತರ್ಜಲ ಮಟ್ಟಕ್ಕಿಂತ ಒಂದೂವರೆ ಮೀಟರ್ ಮೇಲೆ. ನವಲಗುಂದ, ನರಗುಂದದ ಎರೆ ಭೂಮಿಗೆ ಇದರ ಜತೆ ಒಂದು ಮಾತು ಸೇರಿಸಿಕೊಳ್ಳಬೇಕು. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತದೆ. ಸಿಮೆಂಟಿನ ಬಳೆ (ರಿಂಗ್) ಇಳಿಸದ ಗುಂಡಿ ಮೊದಲ ಜಡಿಮಳೆಗೇ ಕುಸಿದು ಕೂರುತ್ತದೆ.

ಈ ಅಂಕಿಗಳನ್ನು ಮನೆಗೆ ಇಳಿಸಿದರೆ ಹೀಗಾಗುತ್ತದೆ. ಐದು ಮಂದಿಗೆ ಮೂರು ದಿನದ ನೀರು 225 ಲೀಟರ್, 15 ಲೀಟರ್ ಹಿಡಿಯುವ ಕೊಡವಾದರೆ ಹದಿನೈದು ಕೊಡ. ಇನ್ನು 2,100 ಕಿಲೋಕ್ಯಾಲರಿ ಎಂದರೆ ಹೆಚ್ಚುಕಡಿಮೆ 400 ಗ್ರಾಂ ಜೋಳದ ಹಿಟ್ಟು, 100 ಗ್ರಾಂ ಶೇಂಗಾ, 50 ಗ್ರಾಂ ಬೆಲ್ಲ. ಅಮೆರಿಕದ ಪುಸ್ತಕಗಳು ಡಬ್ಬಿಯ ಮಾಂಸ, ಒಣಗಿಸಿದ ತತ್ತಿ ಪುಡಿ ಎಂದು ಪುಟಗಟ್ಟಲೆ ಬರೆಯುವುದನ್ನು ನಮ್ಮ ಕಡೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಬೆಲ್ಲ ಮುಗಿಸಿಬಿಡುತ್ತವೆ. ಒಲೆ ಬೇಡ, ನೀರೂ ಬೇಡ. ಒಂದೇ ಎಚ್ಚರ: ಮಳೆಗಾಲದ ತಂಪಿಗೆ ರೊಟ್ಟಿ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ. ಗರಿಗರಿ ಇರುವಾಗಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಬಟ್ಟೆ ಸುತ್ತಿಡುವುದಕ್ಕಿಂತ ಅದೇ ವಾಸಿ.

ನೀರಿನ ವಿಷಯದಲ್ಲಿ ವಿದೇಶಿ ಪುಸ್ತಕಗಳನ್ನು ಓದುವಾಗ ಸ್ವಲ್ಪ ನಗು ಬರುವುದೂ ಉಂಟು. “ಮೂರು ದಿನದ ನೀರು ಕೂಡಿಡಿ” ಎಂದು ಅಧ್ಯಾಯ ಬರೆದಿರುತ್ತಾರೆ; ನಳದ ನೀರಿಗೆ ದಿನ ಎಣಿಸುವ ಹುಬ್ಬಳ್ಳಿ–ಧಾರವಾಡದ ಓಣಿಗಳಲ್ಲಿ ವಾರದ ನೀರು ಬ್ಯಾರಲ್‌ನಲ್ಲಿ ಸದಾ ಇರುತ್ತದೆ. ನಮಗೆ ಬೇಕಾದ ಪಾಠ ಕೂಡಿಟ್ಟ ನೀರನ್ನು ಕೆಡದಂತೆ ಇಡುವುದು, ಮತ್ತು ಅಲ್ಲೇ ಆ ಪುಸ್ತಕಗಳು ಎಡವುತ್ತವೆ. ಡೆಂಗಿ ಸೊಳ್ಳೆ ತತ್ತಿಯಿಂದ ರೆಕ್ಕೆ ಬರುವವರೆಗೆ ತೆಗೆದುಕೊಳ್ಳುವುದು ವಾರ–ಹತ್ತು ದಿನ. ತತ್ತಿ ಅಂಟುವುದು ನೀರಿನ ಅಂಚಿನ ಗೋಡೆಗೆ. ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ಆದ್ದರಿಂದ ಬ್ಯಾರಲ್ ಬರಿದು ಮಾಡಿದರೆ ಸಾಲದು, ವಾರಕ್ಕೊಮ್ಮೆ ಒಳಗೋಡೆಯನ್ನು ಬ್ರಷ್‌ನಿಂದ ತಿಕ್ಕಿ ಒಣಗಿಸಬೇಕು, ಬಾಯಿಗೆ ಬಟ್ಟೆ ಬಿಗಿಯಬೇಕು.

ಕೋಡಿ ಲುಂಡಿನ್ ಬರೆದ ‘ವೆನ್ ಆಲ್ ಹೆಲ್ ಬ್ರೇಕ್ಸ್ ಲೂಸ್’ (2007) ನೀರು, ಶೌಚ, ದೇಹದ ಶಾಖ ಇವುಗಳ ಬಗ್ಗೆ ವಿವರವಾಗಿ ಬರೆದ ಪುಸ್ತಕ. ವ್ಯಂಗ್ಯಚಿತ್ರಗಳೂ ಪೋಲಿ ಹಾಸ್ಯವೂ ಧಾರಾಳವಾಗಿವೆ. ಮನೆಯ ಹಿರಿಯರ ಕೈಗೆ ಕೊಡುವ ಮುನ್ನ ಯೋಚಿಸಿ. ಅದರ ತಿರುಳು ಸರಳ. ದೇಹದ ಒಳಶಾಖ 37 ಡಿಗ್ರಿಯ ಆಚೀಚೆ ಜಾರದಂತೆ ನೋಡಿಕೊಂಡರೆ ಅರ್ಧ ಗೆದ್ದ ಹಾಗೆ. ಏಪ್ರಿಲ್–ಮೇ ತಿಂಗಳ ಗದಗಿನ ಬಿಸಿಲಿಗೆ ಈ ಅಧ್ಯಾಯ ಹೇಳಿ ಮಾಡಿಸಿದಂತಿದೆ.

ನೀರು ಶುದ್ಧಿಗೆ ಅಮೆರಿಕದವರು ಹೇಳುವುದು ಒಂದು ಗ್ಯಾಲನ್‌ಗೆ 8 ಹನಿ ಬ್ಲೀಚ್. ಇದನ್ನು ನೇರ ಎತ್ತಿಕೊಂಡರೆ ಎರಡು ಕಡೆ ಕಾಲು ಜಾರುತ್ತದೆ. ಅಲ್ಲಿಯ ಗ್ಯಾಲನ್ 3.785 ಲೀಟರ್, ಅಂದರೆ ಲೀಟರಿಗೆ ಎರಡು ಹನಿ. ಬ್ಲೀಚ್ ಎಂದರೆ ಶೇ 6ರಷ್ಟು ಗಟ್ಟಿಯಾದ, ಪರಿಮಳ–ಸಾಬೂನು ಬೆರೆಸದ ಹೈಪೋಕ್ಲೋರೈಟ್ ದ್ರಾವಣ. ಇಲ್ಲಿಯ ಅಂಗಡಿಯಲ್ಲಿ ನೆಲ ತೊಳೆಯಲು ಕೊಡುವ ಸುವಾಸನೆಯ ಬಾಟಲಿ ಅದಲ್ಲ. ನಮ್ಮಲ್ಲಿ ಸುಲಭವಾಗಿ ಸಿಗುವುದು ಬ್ಲೀಚಿಂಗ್ ಪೌಡರ್. ತಿಳಿಯಾದ 1,000 ಲೀಟರ್ ನೀರಿಗೆ ಹೊಸ ಪುಡಿ 2.5 ಗ್ರಾಂ. ಚಮಚೆಯ ಅಂದಾಜು ಬೇಡ, ಗ್ರಾಂ ತೋರಿಸುವ ಸಣ್ಣ ತಕ್ಕಡಿಯಲ್ಲಿ ತೂಗಿ. ಮಗ್ಗಿನಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನಂತೆ ಕಲಸಿ, ಮುಕ್ಕಾಲು ಮಗ್ ನೀರು ತುಂಬಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹೊಯ್ಯಿರಿ; ತಳದ ಸುಣ್ಣ ಚೆಲ್ಲಿ. ಒಂದು ತಾಸು ಬಿಟ್ಟು ಬಳಸಿ. ಕದಡಿದ ಹೊಳೆ ನೀರಾದರೆ ಮೊದಲು ತುರಟಿ (ಪಟಿಕ) ಆಡಿಸಿ ಕೆಸರು ಇಳಿಸಿ, ಮಡಚಿದ ಬಟ್ಟೆಯಲ್ಲಿ ಸೋಸಬೇಕು. ಕೆಸರು ಕ್ಲೋರಿನ್ನನ್ನೇ ತಿಂದುಹಾಕುತ್ತದೆ. ಬಾಯಿ ತೆರೆದಿಟ್ಟ ಪುಡಿಗೆ ಶಕ್ತಿ ಉಳಿಯುವುದಿಲ್ಲ, ಕಳೆದ ವರ್ಷದ ಚೀಲವನ್ನು ನಂಬಬೇಡಿ. ಇನ್ನೊಂದು ಸಂಗತಿ ಈ ಯಾವ ಪುಸ್ತಕದಲ್ಲೂ ಸರಿಯಾಗಿ ಸಿಗದು: ಕುದಿಸುವುದು, ಕ್ಲೋರಿನ್ ಹಾಕುವುದು ಕ್ರಿಮಿಗಳಿಗಷ್ಟೇ. ಮುಂಡರಗಿ ಕಡೆಯ ಬೋರ್ ನೀರಿನ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಅಲ್ಲಿ ಮಳೆನೀರೇ ದಾರಿ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಛಾವಣಿಗೆ 600 ಮಿ.ಮೀ. ಮಳೆ ಬಿದ್ದು ಐದರಲ್ಲಿ ನಾಲ್ಕು ಪಾಲು ಕೈಗೆ ಸಿಕ್ಕರೂ 48,000 ಲೀಟರ್. ಈ ವಿಷಯಕ್ಕೆ ಕನ್ನಡದಲ್ಲೇ ಶ್ರೀಪಡ್ರೆಯವರ ಮಳೆಕೊಯ್ಲಿನ ಬರಹಗಳಿವೆ, ಇಂಗ್ಲಿಷ್ ಹುಡುಕುವ ಗೋಜು ಬೇಡ.

ಹೆಸರು ನೋಡಿ ಬದಿಗಿಡಬಹುದಾದ, ಆದರೆ ಇಡಬಾರದ ಪುಸ್ತಕ ಕ್ರೆಸ್ಸನ್ ಕೀರ್ನಿಯ ‘ನ್ಯೂಕ್ಲಿಯರ್ ವಾರ್ ಸರ್ವೈವಲ್ ಸ್ಕಿಲ್ಸ್’. 1979ರಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದಿಂದ ಬಂದದ್ದು, ಜಾಲದಲ್ಲಿ ಪುಕ್ಕಟೆ. ಅಣುಬಾಂಬಿನ ಭಾಗ ನಮಗೆ ದೂರದ ಮಾತು. ಆದರೆ ಇದರ ಸೂಚನೆಗಳನ್ನು ತರಬೇತಿ ಇಲ್ಲದ ಸಾಮಾನ್ಯ ಕುಟುಂಬಗಳ ಕೈಗೆ ಕೊಟ್ಟು, ಅವರು ಓದಿಕೊಂಡು ಮಾಡಬಲ್ಲರೇ ಎಂದು ಪರೀಕ್ಷಿಸಿ ಬರೆದಿದ್ದಾರೆ. ಈ ಜಾತಿಯ ಬರವಣಿಗೆಯಲ್ಲಿ ಇಂಥ ಕಷ್ಟ ತೆಗೆದುಕೊಂಡವರು ವಿರಳ, ಆ ಶ್ರಮ ಪ್ರತಿ ಪುಟದಲ್ಲೂ ಕಾಣುತ್ತದೆ. ಕಡಿಮೆ ಉರುವಲಿನಲ್ಲಿ ಬೇಯಿಸುವ ಭಾಗವೊಂದೇ ಸಾಕು, ಡೌನ್‌ಲೋಡ್ ಮಾಡಿದ್ದು ಸಾರ್ಥಕ. ಪಾತ್ರೆ ಮುಕ್ಕಾಲಿಗಿಂತ ಹೆಚ್ಚು ತುಂಬಿರಬೇಕು. ಮುಚ್ಚಳ ಹಾಕಿ ಕೆಲವು ನಿಮಿಷ ಕುದಿಸಿ, ಇಳಿಸಿ, ಸುತ್ತ ಹಾಗೂ ಅಡಿಯಲ್ಲಿ ನಾಲ್ಕು ಬೆರಳಿನಷ್ಟು ದಪ್ಪ ಕಾಗದ, ಬಟ್ಟೆ ಅಥವಾ ಒಣ ಹೊಟ್ಟು ತುಂಬಿದ ಬುಟ್ಟಿಯಲ್ಲಿ ಇಟ್ಟು ನಾಲ್ಕೈದು ತಾಸು ಮುಟ್ಟಬೇಡಿ. ಅಕ್ಕಿ, ತೊಗರಿಬೇಳೆ ತಾವಾಗಿ ಬೇಯುತ್ತವೆ. ಅರ್ಧ ಪಾತ್ರೆ ಇಟ್ಟರೆ ಬೇಗ ಆರಿ ಅರೆಬೇಯುತ್ತದೆ. ಉಣ್ಣುವ ಮುನ್ನ ಮತ್ತೊಮ್ಮೆ ಕುದಿಸಿಕೊಳ್ಳಿ. ಗ್ಯಾಸ್ ಸಿಲಿಂಡರ್ ತಡವಾದ ವಾರದಲ್ಲೂ ಇದು ಉಪಯೋಗಕ್ಕೆ ಬರುತ್ತದೆ.

ಗೋಡೆ–ಛಾವಣಿಯ ವಿಷಯಕ್ಕೆ ವಿದೇಶಿ ಪುಸ್ತಕ ಸುತರಾಂ ಬೇಡ, ಅವು ಕಟ್ಟಿಗೆಯ ಮನೆ ಕಂಡವು. ಐಐಟಿ ಕಾನ್ಪುರದಿಂದ ಪ್ರೊ. ಸಿ.ವಿ.ಆರ್. ಮೂರ್ತಿ ಬರೆದ ‘ಅರ್ಥ್‌ಕ್ವೇಕ್ ಟಿಪ್ಸ್’ ಓದಿ. ಒಂದೊಂದು ಪಾಠವೂ ಎರಡೇ ಪುಟ. 1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿ ಕಡೆ ನೆಲಸಮವಾದದ್ದು ದಪ್ಪ ಕಲ್ಲು–ಮಣ್ಣಿನ ಗೋಡೆಯ, ಮೇಲೆ ಮಣಗಟ್ಟಲೆ ಮಣ್ಣು ಹೊತ್ತ ಮನೆಗಳು. ರೋಣ, ಗಜೇಂದ್ರಗಡ ಕಡೆಯ ಹಳೆಯ ಮಾಳಿಗೆ ಮನೆಗಳಂಥವೇ. ಕಲ್ಲಿನ ಗೋಡೆ 450 ಮಿ.ಮೀ.ಗಿಂತ ದಪ್ಪ ಬೇಡ, ಗೋಡೆಯ ಎರಡೂ ಮೈಗೆ ಚಾಚುವ ಕಟ್ಟುಗಲ್ಲು ಎತ್ತರದಲ್ಲಿ ಪ್ರತಿ 600 ಮಿ.ಮೀ.ಗೆ, ಉದ್ದದಲ್ಲಿ ಪ್ರತಿ 1.2 ಮೀಟರ್‌ಗೆ ಬರಬೇಕು ಎನ್ನುತ್ತದೆ. ಗೌಂಡಿ ಕೈಗೆ ಕೊಡುವಷ್ಟು ಸ್ಪಷ್ಟ ಚಿತ್ರಗಳಿವೆ.

ಅಮಂಡಾ ರಿಪ್ಲಿಯ ‘ದಿ ಅನ್‌ಥಿಂಕಬಲ್’ (2008) ಸಾಮಾನು ಸರಂಜಾಮಿನ ಪುಸ್ತಕವಲ್ಲ, ಮನಸ್ಸಿನದ್ದು. ಆಪತ್ತು ಬಂದಾಗ ಮನುಷ್ಯ ಮೊದಲು ನಂಬುವುದಿಲ್ಲ, ಆಮೇಲೆ ಅವರಿವರನ್ನು ಕೇಳುತ್ತಾನೆ, ಕೊನೆಗೆ ಏಳುತ್ತಾನೆ ಅಥವಾ ಕಲ್ಲಾಗಿ ಕೂರುತ್ತಾನೆ. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳಿಂದ ಪಾರಾದವರು ಮೆಟ್ಟಿಲಿಗೆ ಹೊರಡುವ ಮುನ್ನ ಸರಾಸರಿ ಆರು ನಿಮಿಷ ಕಳೆದಿದ್ದರಂತೆ, ಕಂಪ್ಯೂಟರ್ ಆರಿಸಿ, ಫೋನು ಮಾಡಿ. ರಿಕ್ ರೆಸ್ಕೋರ್ಲಾ ಎಂಬ ಭದ್ರತಾ ಅಧಿಕಾರಿ ತನ್ನ ಕಂಪನಿಯವರನ್ನು ಅದಕ್ಕೂ ಮುಂಚಿನ ವರ್ಷಗಳಲ್ಲಿ ಬೈಸಿಕೊಂಡರೂ ಬಿಡದೆ ಮೆಟ್ಟಿಲಿಳಿಸಿ ತಾಲೀಮು ಮಾಡಿಸಿದ್ದ. ಬಹುತೇಕ ಎಲ್ಲರೂ ಬದುಕಿದರು, ಅವನು ಒಳಗೇ ಉಳಿದ. ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಡುತ್ತೇವೆ ಎಂದು ಡಂಗುರ ಹೊಡೆಸಿದ ಮೇಲೂ “ಹೋದ ಸಲ ಹನಮಪ್ಪನ ಗುಡಿ ಕಟ್ಟಿತನಕ ಬಂದಿತ್ತು, ಈ ಸಲಾನೂ ಅಷ್ಟ” ಎಂದು ಕುಳಿತವರ ಲೆಕ್ಕ ಈ ಪುಸ್ತಕ ಓದಿದರೆ ತಿಳಿಯುತ್ತದೆ. ಸ್ವಲ್ಪ ಉದ್ದವಾಯಿತು ಅನ್ನಿಸುವ ಅಧ್ಯಾಯಗಳಿವೆ, ದಾಟಿಸಿ ಓದಬಹುದು.

ಈಗ ಕಾದಂಬರಿಗಳು. ಕೈಪಿಡಿ ಒಂದೊಂದು ಕೆಲಸವನ್ನು ಬಿಡಿಬಿಡಿಯಾಗಿ ಕಲಿಸುತ್ತದೆ. ಒಂದು ಕೈಕೊಟ್ಟ ಮೇಲೆ ಅದರ ಬೆನ್ನಿಗೆ ಯಾವುದು ಕೈಕೊಡುತ್ತದೆ ಎಂಬ ಸರಣಿಯನ್ನು ಒಳ್ಳೆಯ ಕಾದಂಬರಿ ಕಟ್ಟಿಕೊಡುತ್ತದೆ. ಈ ವಿಷಯಕ್ಕೆ ಪ್ಯಾಟ್ ಫ್ರಾಂಕ್‌ನ ‘ಅಲಾಸ್, ಬ್ಯಾಬಿಲಾನ್’ (1959) ಇವತ್ತಿಗೂ ಮೊದಲ ಸಾಲಿನದು. ಯುದ್ಧವಾದ ಮೇಲೆ ಫ್ಲಾರಿಡಾದ ಪುಟ್ಟ ಊರೊಂದು ಹೊರಜಗತ್ತಿನಿಂದ ಕಡಿದುಹೋಗುತ್ತದೆ. ನಾಯಕನಿಗೆ ಅಣ್ಣನಿಂದ ಮುನ್ಸೂಚನೆ ಸಿಕ್ಕಿರುತ್ತದೆ. ಓಡಿಹೋಗಿ ಅವನು ಕೊಳ್ಳುವುದು ರಾಶಿ ಮಾಂಸ. ಕರೆಂಟ್ ಹೋಗುತ್ತದೆ, ಫ್ರಿಜ್ ಆರುತ್ತದೆ, ಮಾಂಸ ಕೊಳೆಯುತ್ತದೆ. ಉಳಿಸಲು ಉಪ್ಪು ಬೇಕು. ಮುಂದೆ ಊರಿಗೆ ಊರೇ ಉಪ್ಪಿಗೆ ಪರದಾಡುತ್ತದೆ. ಕೊನೆಗೆ ಉಪ್ಪು ಸಿಗುವ ಜಾಗದ ಸುಳಿವು ದೊರೆಯುವುದು ಪೂರ್ವಜನೊಬ್ಬನ ಹಳೆಯ ದಿನಚರಿಯಲ್ಲಿ. ಇನ್ಸುಲಿನ್ ಮುಗಿದು ಸಕ್ಕರೆ ಕಾಯಿಲೆಯವರು ಸಾಯುತ್ತಾರೆ. ಡಾಕ್ಟರರನ್ನು ಹೊಡೆದು ದೋಚಿದವರಿಂದ ಅವರ ಕನ್ನಡಕ ಹೋಗುತ್ತದೆ, ಕನ್ನಡಕವಿಲ್ಲದ ಡಾಕ್ಟರು ಊರಿಗೆ ಅರ್ಧ ಡಾಕ್ಟರು. ತುರ್ತು ಚೀಲಕ್ಕೆ ಹಳೆಯ ನಂಬರಿನದ್ದಾದರೂ ಒಂದು ಹೆಚ್ಚಿನ ಕನ್ನಡಕ ಹಾಕಬೇಕೆಂದು ಕೈಪಿಡಿಯ ಪಟ್ಟಿಯಲ್ಲಿ ಓದಿದರೆ ಮರೆತುಹೋಗುತ್ತದೆ, ಇಲ್ಲಿ ಓದಿದರೆ ಮರೆಯುವುದಿಲ್ಲ. ಕರಿಯರ ಬಗೆಗಿನ ನೋಟದಲ್ಲಿ, ಹೆಂಗಸರ ಚಿತ್ರಣದಲ್ಲಿ ಕಾದಂಬರಿ ತನ್ನ ಕಾಲದ್ದೇ, ಅದನ್ನು ತಿಳಿದು ಓದಬೇಕು.

ಜಾರ್ಜ್ ಸ್ಟೂವರ್ಟ್‌ನ ‘ಅರ್ಥ್ ಅಬೈಡ್ಸ್’ (1949) ನಿಧಾನದ ಪುಸ್ತಕ. ರೋಗಕ್ಕೆ ಜನರೆಲ್ಲ ಹೋಗಿ ಬೆರಳೆಣಿಕೆಯಷ್ಟು ಮಂದಿ ಉಳಿಯುತ್ತಾರೆ. ನಳದಲ್ಲಿ ನೀರು ವರ್ಷಗಟ್ಟಲೆ ತನ್ನಷ್ಟಕ್ಕೆ ಬರುತ್ತಲೇ ಇರುತ್ತದೆ; ಎಲ್ಲಿಂದ ಬರುತ್ತದೆ ಎಂದು ಯಾರೂ ನೋಡುವುದಿಲ್ಲ; ಒಂದು ದಿನ ನಿಲ್ಲುತ್ತದೆ. ನಾಯಕ ಇಡೀ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಜೋಪಾನ ಮಾಡಿರುತ್ತಾನೆ, ಮಕ್ಕಳಿಗೆ ಓದೇ ಬೇಡ. ಕೊನೆಗೆ ಅವನು ಕಲಿಸುವುದು ಬಿಲ್ಲು–ಬಾಣ. ತಾಳ್ಮೆ ಇಲ್ಲದವರು ಅರ್ಧಕ್ಕೇ ಬಿಡುತ್ತಾರೆ. ಬಿಟ್ಟರೆ ಅವರಿಗೇ ನಷ್ಟ.

ಆಕ್ಟೇವಿಯಾ ಬಟ್ಲರ್‌ಳ ‘ಪ್ಯಾರಬಲ್ ಆಫ್ ದಿ ಸೋವರ್’ (1993) ಮನೆಯಲ್ಲಿ ಆಪತ್ತಿನ ಮಾತು ತೆಗೆದರೆ “ಬಿಡ್ತು ಅನ್ನು” ಎಂದು ಬಾಯಿ ಮುಚ್ಚಿಸಿಕೊಳ್ಳುವ ಎಲ್ಲರೂ ಓದಬೇಕಾದ್ದು. ಹದಿನೈದರ ಹುಡುಗಿ ಲಾರೆನ್, ಊರು ಸುಡುವ ದಿನ ಬರುತ್ತದೆ ಎಂದು ಗೆಳತಿಗೆ ಹೇಳುತ್ತಾಳೆ. ಗೆಳತಿ ಹೆದರಿ ತಾಯಿಗೆ ಹೇಳುತ್ತಾಳೆ. ವಿಷಯ ಅಪ್ಪನ ತನಕ ಹೋಗುತ್ತದೆ. ಅಪ್ಪನ ಬುದ್ಧಿವಾದ ಜಾಣತನದ್ದು: ಹೆದರಿಸಬೇಡ, ಕಲಿಸು. ಭೂಕಂಪದ ನೆಪದಲ್ಲಿ ಎಲ್ಲರಿಂದಲೂ ಚೀಲ ಕಟ್ಟಿಸಬಹುದು. ನಮ್ಮಲ್ಲಿ ಇದನ್ನೇ ಪ್ರಯಾಣದ ಬುತ್ತಿ ಎಂದು ಕಟ್ಟಿಸಬಹುದು. ಹಿಂಸೆಯ ಪುಟಗಳು ಬಹಳ ಕಠೋರ, ಚಿಕ್ಕವರಿಗೆ ಕೊಡಬೇಡಿ.

ವಿಲಿಯಂ ಫೋರ್ಸ್‌ಚೆನ್‌ನ ‘ಒನ್ ಸೆಕೆಂಡ್ ಆಫ್ಟರ್’ (2009) ಎಲ್ಲರೂ ಹೊಗಳುವ ಪುಸ್ತಕ. ವಿದ್ಯುತ್ ಜಾಲ ಒಂದೇ ಕ್ಷಣಕ್ಕೆ ಸತ್ತ ಮೇಲೆ ಸಕ್ಕರೆ ಕಾಯಿಲೆಯ ಮಗಳ ಅಪ್ಪ ಎಣಿಸುವ ಇನ್ಸುಲಿನ್ ಬಾಟಲಿಗಳ ಭಾಗ ಕರುಳು ಹಿಂಡುತ್ತದೆ. ಮಿಕ್ಕದ್ದು ಭಾಷಣ, ಬಂದೂಕು. ಗ್ರಂಥಾಲಯದಲ್ಲಿ ಸಿಕ್ಕರೆ ಓದಿ, ಕೊಳ್ಳಲೇಬೇಕೆಂದಿಲ್ಲ. ಇನ್ಸುಲಿನ್ ವಿಷಯ ಮಾತ್ರ ನಮಗೂ ಬೇಕು: ಕರೆಂಟ್ ಹೋದರೆ ಹೊಸ ಗಡಿಗೆಯೊಂದನ್ನು ಹಸಿ ಮರಳಿನಲ್ಲಿ ನೆರಳಿಗೆ ಹೂತು, ಒಳಗೆ ನೀರು ತಾಗದಂತೆ ಡಬ್ಬಿಯಲ್ಲಿ ಇನ್ಸುಲಿನ್ ಇಟ್ಟು, ಮೇಲೆ ಒದ್ದೆ ಬಟ್ಟೆ ಹಾಕಿ. ಫ್ರಿಜ್‌ನಷ್ಟು ತಂಪು ಆಗದಿದ್ದರೂ ಬಿಸಿಲಿನಿಂದ ಕಾಯುತ್ತದೆ. ಒಣಹವೆಯಲ್ಲಿ ಕೆಲಸ ಮಾಡುವಷ್ಟು ಜಡಿಮಳೆಯಲ್ಲಿ ಮಾಡದು. ಐಸ್‌ಗೆ ನೇರ ತಾಗಿಸಿ ಹೆಪ್ಪುಗಟ್ಟಿಸಿದರೆ ಇನ್ಸುಲಿನ್ ಹಾಳು, ಕರಗಿದ ಮೇಲೂ ಬಳಸಬಾರದು.

ಹೆಚ್ಚು ಮಾರಾಟವಾಗುವ ‘ಎಸ್‌ಎಎಸ್ ಸರ್ವೈವಲ್ ಹ್ಯಾಂಡ್‌ಬುಕ್’ (ಜಾನ್ ವೈಸ್‌ಮನ್, 1986) ಬಗ್ಗೆ ಎರಡೇ ಮಾತು. ಗಂಟು ಹಾಕುವುದು, ನೆರಳಿನಿಂದ ದಿಕ್ಕು ತಿಳಿಯುವುದು ಚೆನ್ನಾಗಿದೆ. ಕಪ್ಪತಗುಡ್ಡ, ದಾಂಡೇಲಿ ಚಾರಣದವರಿಗೆ ಒದಗುತ್ತದೆ. ಧ್ರುವಪ್ರದೇಶ, ನಡುಸಮುದ್ರ, ಅಲ್ಲಿಯ ತಿನ್ನಬಹುದಾದ ಗಿಡಗಳು ನಮಗೆ ಬರಿ ಭಾರ. ಅದರ ಚಿತ್ರ ನೋಡಿಕೊಂಡು ನಮ್ಮ ಕಾಡಿನ ಕಾಯಿ ತಿಂದೀರಿ ಮತ್ತೆ!

ಕನ್ನಡದಲ್ಲಿ? ಕೈಪಿಡಿಗಳ ಕಪಾಟು ಬಹುಮಟ್ಟಿಗೆ ಖಾಲಿ. ಕಥನದ ಕಪಾಟು ಹಾಗಿಲ್ಲ. ತೇಜಸ್ವಿಯವರ ‘ಮಹಾಪಲಾಯನ’ವನ್ನು ಓದದ ಹುಡುಗರು ಕಡಿಮೆ. ಸೈಬೀರಿಯಾದ ಸೆರೆಯಿಂದ ಭಾರತದವರೆಗೆ ನಡೆದು ಬಂದವರ ಕಥೆ, ಉಸಿರು ಬಿಗಿಹಿಡಿಸುತ್ತದೆ. ಆದರೆ ಅದನ್ನು ಬದುಕುಳಿಯುವ ಪಾಠವೆಂದು ಓದಬಾರದು. ಇದರ ಮೂಲವಾದ ಇಂಗ್ಲಿಷ್ ಪುಸ್ತಕ ಬರೆದ ರಾವಿಚ್ ಸೆರೆಯಿಂದ ತಪ್ಪಿಸಿಕೊಂಡದ್ದಲ್ಲ, 1942ರಲ್ಲಿ ಬಿಡುಗಡೆಯಾದವನು ಎನ್ನುವ ಸೋವಿಯತ್ ದಾಖಲೆಗಳನ್ನು ಬಿಬಿಸಿ 2006ರಲ್ಲಿ ಹೊರತಂದಿದೆ. ಗೋಬಿ ಮರುಭೂಮಿಯಲ್ಲಿ ನೀರಿಲ್ಲದೆ ನಡೆದ ದಿನಗಳ ಎಣಿಕೆಯನ್ನು ಶರೀರಶಾಸ್ತ್ರ ಒಪ್ಪುವುದಿಲ್ಲ. ಕಥೆಯಾಗಿ ಓದಿ, ನೀರಿನ ಲೆಕ್ಕಕ್ಕೆ ಬಳಸಬೇಡಿ.

ಅನಂತಮೂರ್ತಿಯವರ ‘ಸಂಸ್ಕಾರ’ (1965) ಈ ಪಟ್ಟಿಯಲ್ಲಿ ಯಾಕೆ ಎಂದು ಹುಬ್ಬೇರಬಹುದು. ಜಾತಿ, ಧರ್ಮದ ಚರ್ಚೆ ಒತ್ತಟ್ಟಿಗಿಟ್ಟು ಒಮ್ಮೆ ಓದಿ ನೋಡಿ. ಶಿವಮೊಗ್ಗೆಗೆ ಹೋಗಿ ಬಂದವನು ಜ್ವರದಲ್ಲಿ ಸತ್ತಿದ್ದಾನೆ, ಅಗ್ರಹಾರದಲ್ಲಿ ಇಲಿಗಳು ಸಾಯುತ್ತಿವೆ, ಹದ್ದುಗಳು ಮನೆಯ ಮೇಲೆ ಇಳಿಯುತ್ತಿವೆ. ಎಲ್ಲರೂ ತಲೆಕೆಡಿಸಿಕೊಂಡಿರುವುದು ಹೆಣ ಸುಡುವ ಹಕ್ಕು ಯಾರದೆಂದು. ರಿಪ್ಲಿ ಹೇಳುವ ‘ನಂಬದೆ ಕೂರುವ’ ಘಟ್ಟಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಅವಳ ಪುಸ್ತಕದಲ್ಲೂ ಇಲ್ಲ. ಪ್ಲೇಗು ನಮ್ಮೂರಿಗೆ ಹೊರಗಿನದೇನಲ್ಲ, 1898ರಲ್ಲಿ ಹುಬ್ಬಳ್ಳಿ ತತ್ತರಿಸಿದಾಗ ಹಾಫ್‌ಕಿನ್ ಲಸಿಕೆಯನ್ನು ಇಲ್ಲಿ ಸಾವಿರಾರು ಮಂದಿಗೆ ಹಾಕಿದ್ದರು.

ದನಕರು ಇರುವ ಮನೆಯವರು ತಕಳಿ ಶಿವಶಂಕರ ಪಿಳ್ಳೆಯವರ ‘ವೆಳ್ಳಪ್ಪೊಕ್ಕತ್ತಿಲ್’ ಕಥೆಯ ಅನುವಾದ ಸಿಕ್ಕರೆ ಬಿಡಬೇಡಿ. ಕೇರಳದ ಕುಟ್ಟನಾಡಿನ ನೆರೆಯಲ್ಲಿ ದೋಣಿ ಹತ್ತಿದ ಯಜಮಾನ ಸೂರಿನ ಮೇಲೆ ಮರೆತ ನಾಯಿಯ ಕಥೆ, ಕೆಲವೇ ಪುಟ. ಕೈಪಿಡಿಗಳು ಎಮ್ಮೆ ಎತ್ತಿನ ವಿಷಯ ಎತ್ತುವುದೇ ಇಲ್ಲ. ನೀರು ಏರುವಾಗ ಮಾಡಲೇಬೇಕಾದ್ದು ಕಣ್ಣಿ ಬಿಚ್ಚುವುದು. ಕಟ್ಟಿದ ದನ ನಿಂತಲ್ಲೇ ಮುಳುಗುತ್ತದೆ, ಬಿಟ್ಟದ್ದು ಎತ್ತರದ ಜಾಗ ಹುಡುಕಿಕೊಳ್ಳುತ್ತದೆ. ಒಂದು ಎಮ್ಮೆಗೆ ದಿನಕ್ಕೆ ಸುಮಾರು 50 ಲೀಟರ್ ನೀರು ಬೇಕು ಎಂಬುದನ್ನೂ ಮೇಲಿನ ಹದಿನೈದು ಕೊಡದ ಲೆಕ್ಕಕ್ಕೆ ಸೇರಿಸಿ.

ಬರಕ್ಕೆ ಪಿ. ಸಾಯಿನಾಥರ ಪುಸ್ತಕ (1996) ಜಿ.ಎನ್. ಮೋಹನ್ ಅನುವಾದದಲ್ಲಿ ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂದು ಕನ್ನಡಕ್ಕೆ ಬಂದಿದೆ. ಜಾರ್ಖಂಡ್‌ನ ಪಲಾಮುವಿನ ಜನ ಬರ ಪರಿಹಾರವನ್ನು ‘ಮೂರನೆಯ ಫಸಲು’ ಎನ್ನುವುದು ಅಲ್ಲಿಂದಲೇ ಗೊತ್ತಾದದ್ದು. ಅಮರ್ತ್ಯ ಸೇನರ ‘ಪಾವರ್ಟಿ ಅಂಡ್ ಫ್ಯಾಮಿನ್ಸ್’ (1981) ಕಷ್ಟದ ಓದು, ಬಂಗಾಳದ ಅಧ್ಯಾಯ ಓದಿದರೆ ಸಾಕು: 1943ರಲ್ಲಿ ಅಕ್ಕಿ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಶೇ 5ರಷ್ಟು ಮಾತ್ರ ಕಡಿಮೆ, 1941ಕ್ಕಿಂತ ಹೆಚ್ಚೇ ಇತ್ತು, ಕೊಳ್ಳುವ ಶಕ್ತಿ ಕಳೆದುಕೊಂಡ ಕೂಲಿಯವರು, ಮೀನುಗಾರರು ಸತ್ತರು. ತುರ್ತು ಚೀಲದಲ್ಲಿ ಕಾಳಿನಷ್ಟೇ ಚಿಲ್ಲರೆ ನೋಟುಗಳಿಗೂ ಜಾಗ ಬೇಕು, ಕರೆಂಟ್ ಇಲ್ಲದ ದಿನ ಫೋನ್ ಪೇ ಓಡುವುದಿಲ್ಲ. ಇನ್ನು ನಮ್ಮದೇ ಇತಿಹಾಸ ಬೇಕಾದವರಿಗೆ 1884ರಲ್ಲಿ ಬಂದ ಬಾಂಬೆ ಗೆಝೆಟಿಯರ್‌ನ 22ನೆಯ ಸಂಪುಟ ಪೂರ್ತಿ ಧಾರವಾಡ ಜಿಲ್ಲೆಯದ್ದು. ಆಗ ಗದಗ, ಹಾವೇರಿ ಎರಡೂ ಅದರೊಳಗೇ. 1876–77ರ ಬರದ ವಿವರ ಅದರಲ್ಲಿದೆ, ಓದಲು ಎದೆ ಗಟ್ಟಿ ಬೇಕು.

ಕೊಳ್ಳುವ ಬಗೆ. ಕನ್ನಡದವು ಧಾರವಾಡದ ಸುಭಾಸ ರಸ್ತೆಯ ಪುಸ್ತಕದಂಗಡಿಗಳಲ್ಲಿ ವಿಚಾರಿಸಿದರೆ ಸಿಗುತ್ತವೆ. ಇಂಗ್ಲಿಷ್ ಕಾದಂಬರಿಗಳನ್ನು ಆನ್‌ಲೈನ್‌ನಲ್ಲಿ ತರಿಸಬೇಕಾದೀತು, ಸೆಕೆಂಡ್ ಹ್ಯಾಂಡ್ ಸಾಕು. ವರ್ನರ್, ಸ್ಫಿಯರ್, ಕೀರ್ನಿ, ಮೂರ್ತಿ ನಾಲ್ವರದ್ದೂ ಪುಕ್ಕಟೆ ಇರುವುದರಿಂದ ಮೊಬೈಲಿನಲ್ಲಿ ಇಟ್ಟರಾಯಿತು ಎನ್ನಿಸುತ್ತದೆ. ಚಾರ್ಜ್ ಮುಗಿದ ಮೊಬೈಲು ಓದಿಸುವುದಿಲ್ಲ. ಪೂರ್ತಿ ಮುದ್ರಿಸಬೇಕಿಲ್ಲ, ವರ್ನರ್‌ನ ಭೇದಿ, ಸುಟ್ಟಗಾಯ, ಮುರಿತ, ಹೆರಿಗೆಯ ಪುಟಗಳು, ಕೀರ್ನಿಯ ನೀರು–ಅಡುಗೆ ಅಧ್ಯಾಯಗಳು ಇಷ್ಟನ್ನು ಎರಡೂ ಬದಿ ಝೆರಾಕ್ಸ್ ಮಾಡಿಸಿ. ಸ್ಪೈರಲ್ ಹಾಕಿಸುವಾಗ ಎಡ ಅಂಚು ಅಗಲ ಬಿಡಲು ಹೇಳಿ, ಇಲ್ಲದಿದ್ದರೆ ತೂತು ಅಕ್ಷರದ ಮೇಲೇ ಬೀಳುತ್ತದೆ. ಇಂಕ್‌ಜೆಟ್ ಮುದ್ರಣ ಒದ್ದೆಯಾದರೆ ಹರಡುತ್ತದೆ, ಲೇಸರ್ ಅಥವಾ ಝೆರಾಕ್ಸ್ ನಿಲ್ಲುತ್ತದೆ. ‘ಲೂಸಿಫರ್ಸ್ ಹ್ಯಾಮರ್’ (1977) ಎಂಬ ಕಾದಂಬರಿಯಲ್ಲಿ ಒಬ್ಬ ತನ್ನ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸೆಪ್ಟಿಕ್ ಟ್ಯಾಂಕಿನಲ್ಲಿ ಬಚ್ಚಿಡುತ್ತಾನೆ. ಟ್ಯಾಂಕಿನ ತನಕ ಹೋಗಬೇಕಿಲ್ಲ, ಎರಡು ಪದರದ ಚೀಲ ಸಾಕು, ಪಹಣಿ, ಆಧಾರ್, ರೇಷನ್ ಕಾರ್ಡಿನ ನಕಲುಗಳನ್ನೂ ಅದರಲ್ಲೇ ಇಡಿ. ಮೊದಲ ಹಾಳೆಯ ಹಿಂದೆ ದಪ್ಪ ಅಕ್ಷರದಲ್ಲಿ 112, 108, 101 ಮತ್ತು ಜಿಲ್ಲಾ ವಿಪತ್ತು ಸಹಾಯವಾಣಿ 1077 ಬರೆಯಿರಿ. ಚೀಲವನ್ನು ಅಟ್ಟದ ಮೇಲೆ ಹಾಕದೆ ಬಾಗಿಲ ಹಿಂದಿನ ಗೂಟಕ್ಕೆ, ಹನ್ನೆರಡರ ಹುಡುಗನ ಕೈಗೆ ಎಟಕುವಂತೆ ತೂಗುಹಾಕಿ.